ಒಂದು ಭೇಟಿಗೆ ಒಂದೇ ತೊಂದರೆ

ನಮ್ಮೂರಿನಲ್ಲಿ ಯಾರಾದರೂ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರೂ, ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ, "ಸೀಡರ್ ಹೊಡೀತಾ?" ಎಂದು. ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ. ಟೆಕ್ಸಸ್‌ನ ಈ ಗುಡ್ಡಗಳಲ್ಲಿ ಹುಟ್ಟಿದವರಿಗೆ ಡಿಸೆಂಬರಿನಿಂದ ಫೆಬ್ರವರಿ ಮುಗಿಯುವ ತನಕ ಬರುವುದು ಒಂದೇ ಕಾಯಿಲೆ. ಒಣ ಬಿಸಿಲಿನ ಬೆಳಿಗ್ಗೆ ಗಂಡು ಸೀಡರ್ ಮರಗಳು ಹಳದಿ ಪುಡಿ ಕಾರುತ್ತವೆ, ದೂರದಿಂದ ನೋಡಿದವರಿಗೆ ಗುಡ್ಡಕ್ಕೆ ಬೆಂಕಿ ಬಿದ್ದಂತೆ ಕಾಣುತ್ತದೆ, ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತದೆ. ರೇಡಿಯೋದವನು ದಿನಾ ಕುರಿ, ಮೇಕೆಗಳ ಬೆಲೆ ಓದಿದ ಮೇಲೆ ಇವತ್ತು ಗಾಳಿಯಲ್ಲಿ ಸೀಡರ್ ಎಷ್ಟು ಎಂದು ಓದುತ್ತಾನೆ. ಅಂಕಿ ದೊಡ್ಡದಿದ್ದರೆ ಜನಕ್ಕೆ ಒಳಗೊಳಗೇ ಖುಷಿ. ತಮ್ಮ ನರಳಾಟಕ್ಕೆ ಸರ್ಕಾರಿ ಮುದ್ರೆ ಬಿದ್ದ ಹಾಗೆ.

ಈ ಒಂದು ಮಾತು ನನ್ನ ಗಂಡನನ್ನು ಗುಂಡಿಯ ಅಂಚಿನವರೆಗೆ ಎಳೆದುಕೊಂಡು ಹೋಯಿತು. ಅದನ್ನು ಸಿಟ್ಟಿನಲ್ಲೇ ಹೇಳುತ್ತೇನೆ. ನಿಧಾನವಾಗಿ, ಸಮಾಧಾನವಾಗಿ ಹೇಳು ಎಂದು ನಮ್ಮ ಚರ್ಚಿನ ಪಾದ್ರಿ ಬುದ್ಧಿ ಹೇಳಿದ್ದಾರೆ. ಅವರ ಮೂಗಿನ ಮೂಳೆ ನೆಟ್ಟಗಿದೆ, ಅವರು ಹೇಳಬಹುದು.

ನಾನು ನೆಲ್ಡಾ, ಬಸ್ಸಿನ ಮಕ್ಕಳ ಬಾಯಲ್ಲಿ ಮಿಸ್ ನೆಲ್ಡಾ. ಈ ಊರಿನ ಶಾಲಾ ಬಸ್ ಓಡಿಸಿಕೊಂಡೇ ಕೂದಲು ಹಣ್ಣಾದವಳು. ಇವತ್ತು ಬ್ಯಾಂಕಿನಲ್ಲಿ ಕೂತವನು, ಪೊಲೀಸ್ ಟೋಪಿ ಹಾಕಿಕೊಂಡವನು, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಬಸ್ಸಿನಲ್ಲಿ ವಾಂತಿ ಮಾಡಿದವರೇ. ನನ್ನ ಗಂಡ ಹಿಲ್ಮರ್ ಗಾಳಿಗಿರಣಿ ರಿಪೇರಿಯವನು. ಜಾನುವಾರುಗಳಿಗೆ ನೀರೆತ್ತುವ ಆ ಹಳೇ ಗಿರಣಿಗಳ ತುದಿ ಹತ್ತಿ, ಗಾಳಿಯಲ್ಲಿ ನೇತಾಡುತ್ತ ಬೋಲ್ಟ್ ಬಿಗಿ ಮಾಡುವ ಕೆಲಸ. ಅರವತ್ತು ದಾಟಿದ ಮೇಲೂ ಬೆಕ್ಕಿನ ಹಾಗೆ ಹತ್ತುತ್ತಿದ್ದ. ಅವನಿಗೆ ಒಂದೇ ಒಂದು ದುರ್ಗುಣ. ಏನು ಕೇಳಿದರೂ "ಪರವಾಗಿಲ್ಲ" ಅನ್ನುತ್ತಾನೆ. ನಾನು ಸೂಪಿಗೆ ಉಪ್ಪು ಹಾಕುವುದನ್ನು ಮರೆತರೂ ಪರವಾಗಿಲ್ಲ, ಯಾರೋ ಅವನ ಕಾಲಿನ ಮೇಲೆ ಟ್ರಕ್ ಹತ್ತಿಸಿದರೂ ಪರವಾಗಿಲ್ಲ.

ಆ ವರ್ಷ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಹೊತ್ತಿಗೇ ಅವನ ಮೂಗು ಕಟ್ಟಿತ್ತು. ಬೆಳಿಗ್ಗೆ ಎದ್ದು ಸೀನಿದರೆ ಕರವಸ್ತ್ರದಲ್ಲಿ ರಕ್ತದ ಹಕ್ಕಳೆ. ಎಡಗಿವಿ ಮುಚ್ಚಿಕೊಂಡಿತು. ಮಂಡಿ ಹಿಡಿದುಕೊಂಡಿತು, ನಾಲ್ಕು ದಿನಕ್ಕೆ ಮಂಡಿ ಬಿಟ್ಟು ಮಣಿಕಟ್ಟು ಹಿಡಿದುಕೊಂಡಿತು. ಕಣ್ಣು ಕೆಂಪಗಾಯಿತು. ಮಲಗಿದರೆ ಬೆವರಿ ಹಾಸಿಗೆ ಒದ್ದೆ. ಸೊಂಟದ ಬೆಲ್ಟಿಗೆ ಅವನೇ ಮೊಳೆ ಬಡಿದು ಹೊಸ ತೂತು ಮಾಡಿಕೊಂಡ.

"ಸೀಡರ್ ಈ ಸಲ ಬೇಗ ಬಂತು ಕಣೇ," ಎಂದ.

"ಮಂಡಿಗೂ ಸೀಡರ್ ಬರುತ್ತಾ?" ಎಂದೆ.

"ಮೈಯೆಲ್ಲಾ ಬರುತ್ತೆ. ಅದಕ್ಕೇ ಅಲ್ವಾ ಸೀಡರ್ ಜ್ವರ ಅನ್ನೋದು."

ಅದೂ ಸುಳ್ಳಲ್ಲ. ಸೀಡರ್ ಹೊಡೆದವರಿಗೆ ಮೈಕೈ ನೋಯುತ್ತದೆ, ಸುಸ್ತಾಗುತ್ತದೆ. ಅದಕ್ಕೇ ಈ ಮಾತು ಇಷ್ಟು ಕೆಟ್ಟದ್ದು. ಅರ್ಧ ನಿಜ ಇರುವ ಮಾತನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ನಾನೂ ನೋಡಲಿಲ್ಲ.

ಊರಲ್ಲಿರುವುದು ಒಂದೇ ಕ್ಲಿನಿಕ್. ಮೊದಲು ಮುದುಕ ಡಾಕ್ಟರರದ್ದಾಗಿತ್ತು. ಅವರು ಸತ್ತ ಮೇಲೆ ಯಾವುದೋ ದೊಡ್ಡ ಊರಿನ ಕಂಪನಿ ಕೊಂಡುಕೊಂಡು, ಗೋಡೆಗೆ ತಿಳಿನೀಲಿ ಬಣ್ಣ ಬಳಿದು, ಕೌಂಟರಿನ ಮೇಲೆ ಬೋರ್ಡ್ ಇಟ್ಟಿತು: ಒಂದು ಭೇಟಿಗೆ ಒಂದೇ ತೊಂದರೆ. ಬೇರೆ ತೊಂದರೆಗೆ ಬೇರೆ ದಿನ ಹೆಸರು ಬರೆಸಿ. ಡಾಕ್ಟರು ಮಾತ್ರ ನಮ್ಮೂರ ಹುಡುಗನೇ, ವೇಡ್ ಪ್ರೂಯಿಟ್. ಹೌದು, ನನ್ನ ಬಸ್ಸಿನವನೇ. ಓಡುವ ಬಸ್ಸಿನಲ್ಲಿ ಎದ್ದು ನಿಲ್ಲುವ ಚಾಳಿ ಇತ್ತು ಅವನಿಗೆ.

ಮೊದಲ ಸಲ ಹೋದಾಗ ವೇಡ್ ತಾನೇ ಮೂಗು ಕೆಂಪಗೆ ಮಾಡಿಕೊಂಡು, ಕೈಯಲ್ಲಿ ಟಿಶ್ಯೂ ಹಿಡಿದು ಒಳಗೆ ಬಂದ. ಹಿಲ್ಮರನ ಮೂಗಿಗೆ ಟಾರ್ಚ್ ಬಿಟ್ಟ, "ಓಹೋ," ಎಂದ, ಸೀಡರ್ ಇಂಜೆಕ್ಷನ್ ಹಾಕಿಸಿದ. ನಮ್ಮಲ್ಲಿ ಇದು ಮಾಮೂಲು. ಚಳಿಗಾಲ ಬಂತೆಂದರೆ ಊರಿನ ಅರ್ಧ ಜನ ಪ್ಯಾಂಟ್ ಜಾರಿಸಿ ಆ ಸ್ಟೆರಾಯ್ಡ್ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಮೂರ್ನಾಲ್ಕು ದಿನ ಹಿಲ್ಮರ್ ಹದಿನಾರರ ಹುಡುಗನ ಹಾಗೆ ಓಡಾಡಿದ. ಮೂಗು ಬಿಟ್ಟಿತು, ಮಂಡಿಯೂ ಬಿಟ್ಟಿತು.

"ನೋಡಿದ್ಯಾ, ಸೀಡರೇ," ಎಂದ.

ವಾರ ಕಳೆಯುವುದರೊಳಗೆ ಎಲ್ಲವೂ ಮರಳಿ ಬಂತು, ಬಡ್ಡಿ ಸಮೇತ. ಎರಡನೇ ಸಲ ಹೋದಾಗ ನಾನು ಬಾಯಿ ತೆರೆದೆ. ಮಂಡಿ, ಕಣ್ಣು, ಬೆವರು ಎಂದು ಶುರು ಮಾಡುವಷ್ಟರಲ್ಲಿ ಕೌಂಟರಿನ ಟ್ಯಾಮಿ ಕೈ ಎತ್ತಿದಳು. "ಮಿಸ್ ನೆಲ್ಡಾ, ಇವತ್ತಿಗೆ ಮೂಗು ಅಂತ ಬರ್ದಾಯ್ತು. ಮಂಡಿಗೆ ಬೇರೆ ದಿನ ಕೊಡ್ತೀನಿ."

"ಮಂಡಿ ಇವತ್ತೇ ಬಂದಿದೆಯಲ್ಲಮ್ಮ, ಅವನ ಕಾಲಿಗೇ ಅಂಟಿಕೊಂಡಿದೆ."

"ನಾನೇನ್ ಮಾಡ್ಲಿ, ಕಂಪ್ಯೂಟರ್ ಎರಡು ತಗೊಳ್ಳಲ್ಲ."

ಹಿಲ್ಮರ್ ನನ್ನ ತೋಳು ಹಿಡಿದು, "ಪರವಾಗಿಲ್ಲ ಬಿಡೇ, ಅವಳಿಗೆ ಯಾಕೆ ತೊಂದರೆ," ಎಂದ. ಕೇಳಿದಿರಾ? ಅವಳಿಗೆ ತೊಂದರೆಯಂತೆ!

ಹಾಗೆ ನನ್ನ ಗಂಡನನ್ನು ಕುರಿ ಕಡಿದ ಹಾಗೆ ಪಾಲು ಮಾಡಿದರು. ಮೂಗಿಗೆ ಒಂದು ದಿನ: ಸೀಡರ್. ಮಂಡಿಗೆ ಒಂದು ದಿನ: ಏಣಿ ಹತ್ತಿದವನ ಮಂಡಿ, ವಯಸ್ಸು. ಕಿವಿಗೆ ಒಂದು ದಿನ: ಸೀಡರಿನಿಂದ ಒಳಗೆ ನೀರು ತುಂಬಿದೆ. ಕಣ್ಣಿಗೆ ಮಾತ್ರ ಪಕ್ಕದ ಊರಿನ ಕಣ್ಣಿನ ಡಾಕ್ಟರ್: ಉಜ್ಜಬೇಡಿ, ಸೀಡರ್. ಒಬ್ಬೊಬ್ಬರೂ ತಮ್ಮ ತುಂಡನ್ನು ನೋಡಿ ಕೈ ತೊಳೆದುಕೊಂಡರು. ಈ ತುಂಡುಗಳನ್ನು ಸಂಜೆ ಟ್ರಕ್ಕಿನಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದವಳು ನಾನು.

ಜನವರಿಯಲ್ಲಿ ಸಮುದ್ರ ದಂಡೆಗೆ ಹೋದೆವು. ಸೀಡರ್ ತಡೆಯಲಾರದವರು ನಮ್ಮಲ್ಲಿ ಮಾಡುವುದೇ ಹಾಗೆ. ಅಲ್ಲಿ ಸೀಡರ್ ಮರವೇ ಇಲ್ಲ, ಗಾಳಿಯೆಲ್ಲ ಉಪ್ಪು. ನನ್ನ ತಂಗಿಯ ಮನೆಯಲ್ಲಿ ವಾರ ಪೂರ್ತಿ ಇದ್ದೆವು. ಹಿಲ್ಮರ್ ಒಂದು ಮೀನೂ ಹಿಡಿಯಲಿಲ್ಲ. ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಲ್ಲೇ ಮೂಗಿನಿಂದ ರಕ್ತ ಸುರಿಸಿದ. ನನಗೆ ಮೊದಲ ಸಲ ಅನುಮಾನ ಬಂದದ್ದು ಆವಾಗ. ಮರವೇ ಇಲ್ಲದ ಕಡೆ ಸೀಡರ್ ಎಲ್ಲಿಂದ ಬಂತು? ಊರಿಗೆ ಬಂದು ಆಲ್ಟನ್‌ಗೆ ಹೇಳಿದೆ.

ಆಲ್ಟನ್ ನಮ್ಮ ಪಕ್ಕದ ಜಮೀನಿನವನು, ಹಿಲ್ಮರನ ಬಾಲ್ಯದ ಗೆಳೆಯ. ಶುಕ್ರವಾರ ಸಂಜೆ ಹಳೇ ಡ್ಯಾನ್ಸ್ ಹಾಲಿನಲ್ಲಿ ನಾವೆಲ್ಲ ನಲವತ್ತೆರಡು ಆಡುತ್ತೇವೆ, ಡಾಮಿನೋ ಬಿಲ್ಲೆಗಳಲ್ಲಿ ಇಸ್ಪೀಟಿನ ಹಾಗೆ ಜೋಡಿ ಕಟ್ಟಿ ಆಡುವ ಆಟ. ಅಲ್ಲಿ ಹಿಲ್ಮರನ ಜೋಡಿ ಯಾವಾಗಲೂ ಆಲ್ಟನ್ನೇ. ಮನುಷ್ಯ ಚಿನ್ನ. ಆದರೆ ತಲೆಗೆ ಒಂದು ವಿಷಯ ಹೊಕ್ಕರೆ ಇಕ್ಕಳ ಹಾಕಿದರೂ ಹೊರಗೆ ಬರುವುದಿಲ್ಲ.

"ಒಳಗೆ ಇಳಿದುಬಿಟ್ಟಿದೆ, ನೆಲ್ಡಾ," ಎಂದ ಅವನು. "ವರ್ಷಗಟ್ಟಲೆ ಕುಡಿದ ಸೀಡರ್ ಅದು. ಒಂದು ವಾರಕ್ಕೆ ಹೋಗುತ್ತಾ? ನಿಮ್ಮ ಮನೆ ಸುತ್ತ ನೋಡು, ಸೀಡರ್ ಕೋಟೆ. ಬೇರು ಸಮೇತ ಕಿತ್ತರೆ ಮಾತ್ರ ಅವನಿಗೆ ಉಸಿರಾಟ."

ಮುಂದಿನ ಶನಿವಾರವೇ ಬಂದುಬಿಟ್ಟರು. ಟ್ರಕ್ಕಿನ ಹಿಂದೆ ಟ್ರಕ್ಕು, ಯಂತ್ರದ ಗರಗಸ, ಕೊಡಲಿ, ಸರಪಳಿ. ಚರ್ಚಿನವರು, ಡಾಮಿನೋ ಮೇಜಿನವರು, ಹಿಲ್ಮರ್ ಗಿರಣಿ ರಿಪೇರಿ ಮಾಡಿಕೊಟ್ಟಿದ್ದ ರೈತರು. ನೆರೆಯವರ ಕಷ್ಟಕ್ಕೆ ಹೀಗೆ ಒಟ್ಟಾಗಿ ಬಂದು ನಿಲ್ಲುವುದು ನಮ್ಮ ಗುಡ್ಡದ ಜನರ ಹೆಮ್ಮೆ, ನನಗೂ ಹೆಮ್ಮೆಯೇ. ಆ ದಿನ ನಾನು ಕಣ್ಣೀರು ಒರೆಸಿಕೊಂಡು ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಸಲಾಡ್ ಕಲಸಿದೆ. ಹಿಂದಿನ ದಿನ ತಾನೇ ವೇಡ್ ಇನ್ನೊಂದು ಇಂಜೆಕ್ಷನ್ ಹಾಕಿಸಿದ್ದ, ಹಾಗಾಗಿ ಹಿಲ್ಮರ್ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಎಲ್ಲರಿಗೂ ಕೈ ಬೀಸುತ್ತಿದ್ದ.

ಜಗಲಿಯ ಪಡುವಣ ಬದಿಗೆ ಒಂದು ಹಳೇ ಸೀಡರ್ ಇತ್ತು. ಹಿಲ್ಮರನ ಅಜ್ಜಿ ಅದರ ಕೆಳಗೆ ಬೆಣ್ಣೆ ಕಡೆಯುತ್ತಿದ್ದಳಂತೆ. ನಾವು ಮದುವೆಯಾದಾಗಿನಿಂದ ಬೇಸಿಗೆಯ ಸಂಜೆಗಳೆಲ್ಲ ಅದರ ನೆರಳಿನಲ್ಲೇ. ಆಲ್ಟನ್ ಗರಗಸ ಹಿಡಿದು ಅದರ ಬುಡಕ್ಕೆ ಹೋದಾಗ ನಾನು ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ.

"ಆಲ್ಟನ್, ಅದು ಹೆಣ್ಣು! ನೀಲಿ ಕಾಯಿ ಕಾಣ್ತಾ ಇಲ್ವಾ? ಹೆಣ್ಣು ಮರ ಪುಡಿ ಬಿಡಲ್ಲ!"

"ಗಂಡೋ ಹೆಣ್ಣೋ, ಸೀಡರ್ ಸೀಡರೇ. ಹಿಲ್ಮರ್, ಏನಪ್ಪಾ, ತೆಗೀಲಾ?"

ಹಿಲ್ಮರ್ ಜಗಲಿಯಿಂದ ಏನೆಂದಿರಬಹುದು ಹೇಳಿ. "ಪರವಾಗಿಲ್ಲ," ಎಂದ.

ಮರ ಬಿತ್ತು. ಸಂಜೆಗೆ ಗುಡ್ಡ ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಬೋಳಾಯಿತು. ಹಿಲ್ಮರ್ ಎದ್ದು ಬಂದು ಎಲ್ಲರ ಜೊತೆ ಎರಡು ಸಾಸೇಜ್ ತಿಂದ. ಜನ ಚಪ್ಪಾಳೆ ತಟ್ಟಿದರು. "ನೋಡ್ರಪ್ಪಾ, ಮರ ಬಿದ್ದ ಕೂಡ್ಲೇ ಹಸಿವು ಬಂತು!" ಎಂದು ಆಲ್ಟನ್ ಕೂಗಿದ. ನಾನೂ ಚಪ್ಪಾಳೆ ತಟ್ಟಿದೆ, ಹೌದು.

ಮಾರ್ಚ್ ಬಂತು. ರೇಡಿಯೋದವನು, "ಸೀಡರ್: ಇಲ್ಲ," ಎಂದು ಓದಿದ. ಊರವರೆಲ್ಲರ ಮೂಗು ಒಣಗಿತು. ಹಿಲ್ಮರ್ ಮಾತ್ರ ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದ. ಪಾದ ಊದಿಕೊಂಡು ಬೂಟು ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಸಿಕ್ಕವಳೊಬ್ಬಳು, "ಈಗ ಓಕ್ ಮರದ ಪುಡಿ ಶುರುವಾಯ್ತಲ್ಲ, ಅದಿರಬೇಕು," ಎಂದಳು. ನನ್ನ ಮೈ ಉರಿದುಹೋಯಿತು. ಸೀಡರ್ ಮುಗಿದರೆ ಓಕ್! ಓಕ್ ಮುಗಿದರೆ ಹುಲ್ಲು! ಇವರಿಗೆ ಮನುಷ್ಯ ಸಾಯುವುದಕ್ಕೂ ಒಂದು ಗಿಡ ಬೇಕು. ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಕಿಟಕಿಯ ಪಕ್ಕ ಅವನು ಮಲಗಿದ್ದ. ಬೆಳಕು ಪಕ್ಕದಿಂದ ಮುಖಕ್ಕೆ ಬೀಳುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ದಿನಾ ನೋಡುವ ಮುಖ, ದಿನಾ ಸ್ವಲ್ಪ ಸ್ವಲ್ಪ ಬದಲಾದರೆ ಗೊತ್ತೇ ಆಗುವುದಿಲ್ಲ. ಹಿಲ್ಮರನ ಮೂಗು ನಡುವೆ ಕುಸಿದಿತ್ತು. ಬೆರಳಿನಿಂದ ಒತ್ತಿ ತಗ್ಗು ಮಾಡಿದ ಹಿಟ್ಟಿನ ಹಾಗೆ. ಹೊದಿಕೆ ಎತ್ತಿ ನೋಡಿದೆ, ಮೊಣಕಾಲ ಕೆಳಗೆಲ್ಲ ಕೆನ್ನೀಲಿ ಚುಕ್ಕೆಗಳು. ಬಚ್ಚಲಿಗೆ ಹೋಗಿ ನೋಡಿದೆ. ನೀರು ಹಾಕುವುದಕ್ಕೂ ಶಕ್ತಿ ಇಲ್ಲದೆ ಬಿಟ್ಟು ಬಂದಿದ್ದ ಅವನ ಮೂತ್ರ ಹಳೇ ಚಹಾದ ಬಣ್ಣದಲ್ಲಿತ್ತು, ಮೇಲೆ ನೊರೆ.

"ಏಳು," ಎಂದೆ.

"ಮೂಗಿಗೆ ಮುಂದಿನ ವಾರ ಅಲ್ವಾ ದಿನ ಕೊಟ್ಟಿರೋದು?"

"ಏಳೋ ಮಾರಾಯ! ಇಲ್ದಿದ್ರೆ ಹೊತ್ಕೊಂಡು ಹೋಗ್ತೀನಿ!"

ಕ್ಲಿನಿಕ್ಕಿನಲ್ಲಿ ಟ್ಯಾಮಿ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು, "ಇವತ್ತು ತೊಂದರೆ ಏನು ಅಂತ ಬರೀಲಿ?"

"ಹಿಲ್ಮರ್."

"ಹೆಸರು ಬಂತು, ಮಿಸ್ ನೆಲ್ಡಾ. ತೊಂದರೆ?"

"ತೊಂದರೇನೇ ಹಿಲ್ಮರ್. ಟೋಪಿಯಿಂದ ಬೂಟಿನ ತನಕ. ನಿಮ್ಮ ಬೋರ್ಡ್ ಹೇಳಿದ ಹಾಗೇ, ಒಂದೇ ತೊಂದರೆ. ಬರಿ."

"ಹಾಗೆಲ್ಲ ಬರೆಯೋಕೆ—"

ಅವಳ ಮಾತು ಮುಗಿಯುವ ಮೊದಲೇ ನಾನು ಹಿಲ್ಮರನನ್ನು ತೋಳಿನಲ್ಲಿ ಆತುಕೊಂಡು ಒಳಗೆ ನಡೆದಿದ್ದೆ. ವೇಡ್ ತನ್ನ ಕೋಣೆಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದವನು ಎದ್ದು ನಿಂತ. ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಮಿಸ್ ನೆಲ್ಡಾ, ಹೀಗೆ ನುಗ್ಗಿದ್ರೆ ಹೇಗೆ? ಹೊರಗೆ ಜನ ಕಾಯ್ತಿದ್ದಾರೆ—"

"ವೇಡ್ ಪ್ರೂಯಿಟ್! ಕೂತ್ಕೋ!"

ಅದು ನನ್ನ ಬಸ್ಸಿನ ದನಿ. ಆ ದನಿಗೆ ಹಿಂದಿನ ಸೀಟಿನವರೂ ಕೂರುತ್ತಿದ್ದರು. ಡಾಕ್ಟರು ಕೂತ.

ಹಿಲ್ಮರನ ಟೋಪಿ ತೆಗೆದೆ, ಮುಖವನ್ನು ಕಿಟಕಿಯ ಕಡೆ ಪಕ್ಕಕ್ಕೆ ತಿರುಗಿಸಿದೆ. ಕಾಲುಚೀಲ ಎಳೆದೆ, ಪ್ಯಾಂಟ್ ಮಂಡಿಯ ಮೇಲಕ್ಕೆ ಮಡಚಿದೆ. "ಮೂಗು ನಾಲ್ಕು ಸಲ ನೋಡಿದ್ದೀಯ. ಮಂಡಿ ಒಂದು ಸಲ, ಕಿವಿ ಒಂದು ಸಲ. ಈಗ ಒಟ್ಟಿಗೆ ನೋಡು. ಇದು ಒಬ್ಬನೇ ಮನುಷ್ಯ ವೇಡ್, ನಾಲ್ಕು ಜನ ಅಲ್ಲ. ನೋಡು!"

ವೇಡ್ ನೋಡಿದ. ಅವನ ಮುಖದ ರಕ್ತ ಇಳಿದು ಹೋದದ್ದು ನನಗೆ ಕಾಣಿಸಿತು. ಎದ್ದು ಬಂದು ಎರಡು ಬೆರಳಿನಿಂದ ಮೂಗಿನ ತಗ್ಗನ್ನು ಮುಟ್ಟಿದ. ಬಗ್ಗಿ ಕಾಲಿನ ಚುಕ್ಕೆಗಳನ್ನು ಒತ್ತಿದ. ಅವು ಮಾಸಲಿಲ್ಲ.

"ಇದು ಯಾವಾಗಿಂದ ಹೀಗೆ?" ಎಂದ ಮೆಲ್ಲಗೆ.

"ನನ್ನನ್ನ ಕೇಳ್ತೀಯಾ? ಅದರೊಳಗೆ ಟಾರ್ಚ್ ಬಿಟ್ಟೋನು ನೀನು."

ಹಿಲ್ಮರನ ಕೈಗೆ ಒಂದು ಲೋಟ ಕೊಟ್ಟು ಬಚ್ಚಲಿಗೆ ಕಳಿಸಿದ. ತಂದ ಮೂತ್ರದಲ್ಲಿ ವೇಡ್ ಕಾಗದದ ಪಟ್ಟಿ ಅದ್ದಿದ. ಪಟ್ಟಿಯ ಬಣ್ಣ ತಿರುಗಿತು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದ. ಆಮೇಲೆ ತಾನೇ ಫೋನ್ ತೆಗೆದುಕೊಂಡು ಸ್ಯಾನ್ ಆಂಟೋನಿಯೋದ ದೊಡ್ಡ ಆಸ್ಪತ್ರೆಗೆ ಮಾತಾಡಿದ: ಮೂಗು, ಕಿವಿ, ಕಣ್ಣು, ಕೀಲು, ಚರ್ಮ, ಮೂತ್ರದಲ್ಲಿ ರಕ್ತ, ತೂಕ ಇಳಿದಿದೆ, ಇವತ್ತೇ ಸೇರಿಸಿಕೊಳ್ಳಿ. ಒಂದೇ ಉಸಿರಿನಲ್ಲಿ ಹೇಳಿದ. ಕ್ರಿಸ್‌ಮಸ್‌ನಿಂದ ನಾನು ಹೇಳಲು ಹೊರಟಿದ್ದೂ ಅದನ್ನೇ. ಅವನು ಹೇಳಿದರೆ ಅದು ರೋಗ, ನಾನು ಹೇಳಿದರೆ ಎರಡನೇ ತೊಂದರೆ.

ಫೋನ್ ಇಟ್ಟು ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು. "ಇದರ ಬಗ್ಗೆ ಓದಿದ್ದೆ, ಮಿಸ್ ನೆಲ್ಡಾ. ಪರೀಕ್ಷೇಲೂ ಬಂದಿತ್ತು."

"ಸರಿಯಾಗಿ ಬರೆದಿದ್ಯಾ?"

"ಬರೆದಿದ್ದೆ."

"ಹಾಗಾದ್ರೆ ಗೊತ್ತಿಲ್ಲ ಅಂತ ಹೇಳೋ ಹಾಗಿಲ್ಲ ನೀನು."

ನಾನು ಹೊರಗೆ ಬರುವಾಗ ಕೌಂಟರಿನ ಮೇಲಿದ್ದ ಬೋರ್ಡನ್ನು ಎತ್ತಿಕೊಂಡು ಬಂದೆ. ಟ್ಯಾಮಿ ನೋಡಿದಳು, ಕಂಪ್ಯೂಟರಿನ ಕಡೆ ತಿರುಗಿಕೊಂಡಳು.

ಸ್ಯಾನ್ ಆಂಟೋನಿಯೋದಲ್ಲಿ ನಮ್ಮನ್ನು ನೋಡಿದವರು ಡಾಕ್ಟರ್ ವಿಲ್ಯಾರಿಯಲ್ ಎಂಬ ಹೆಂಗಸು. ರಕ್ತ ತೆಗೆದು, ಎದೆಯ ಚಿತ್ರ ತೆಗೆದು, ಮೂತ್ರಪಿಂಡದಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದ ಮೇಲೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವರು ಹೇಳಿದ ಕಾಯಿಲೆಯ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಮೈಯ ಸಣ್ಣ ರಕ್ತನಾಳಗಳಿಗೆ ಮೈಯೇ ಉರಿ ಹಚ್ಚುವ ಕಾಯಿಲೆ. ಮೂಗಿನಲ್ಲಿ ನೆಗಡಿಯ ವೇಷದಲ್ಲಿ ಶುರುವಾಗುತ್ತದೆ, ಕಿವಿ, ಕಣ್ಣು, ಕೀಲು ಸುತ್ತಿ, ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಇಳಿಯುತ್ತದೆ.

"ಮತ್ತೆ ಇಂಜೆಕ್ಷನ್ ಹಾಕಿದಾಗ ಹುಷಾರಾಗ್ತಿದ್ನಲ್ಲ?" ಎಂದೆ.

"ಈ ಕಾಯಿಲೆಗೂ ಅದೇ ಔಷಧಿ, ಆದರೆ ಎಷ್ಟೋ ಪಟ್ಟು ಹೆಚ್ಚು, ತಿಂಗಳುಗಟ್ಟಲೆ, ಬೇರೆ ಔಷಧಿಗಳ ಜೊತೆ ಕೊಡಬೇಕು. ಒಂದೊಂದು ಸೂಜಿ ಹಾಕಿದಾಗ ಅದು ನಾಲ್ಕು ದಿನ ತಲೆ ತಗ್ಗಿಸ್ತು ಅಷ್ಟೇ."

"ಕಿಡ್ನಿ?"

"ಮೂರರಲ್ಲಿ ಒಂದು ಪಾಲು ಕೆಲಸ ಮಾಡ್ತಿದೆ. ಅದನ್ನ ಉಳಿಸೋಕೆ ನೋಡ್ತೀವಿ. ಮಾತು ಕೊಡಲ್ಲ."

"ಕ್ರಿಸ್‌ಮಸ್ ಹೊತ್ತಿಗೆ ಬಂದಿದ್ರೆ?"

ಅವರು ಹಿಲ್ಮರನ ಕಡೆ ನೋಡಿದರು, ಅವನು ನಿದ್ದೆ ಮಾಡುತ್ತಿದ್ದ. "ಬಹುಪಾಲು ಉಳೀತಿತ್ತು," ಎಂದರು. ಸುಳ್ಳು ಹೇಳದೆ ಇದ್ದದ್ದಕ್ಕೆ ನಾನು ಅವರಿಗೆ ಋಣಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ದುಃಖಕ್ಕಿಂತ ಹೆಚ್ಚು ಕೋಪಕ್ಕೆ.

ಬೇಸಿಗೆಯಲ್ಲಿ ಮನೆಗೆ ಕರೆದುಕೊಂಡು ಬಂದೆ. ಕಿಡ್ನಿಯ ಆ ಒಂದು ಪಾಲು ಉಳಿದಿತ್ತು. ಮುಖ ಔಷಧಿಗೆ ಊದಿತ್ತು, ಎಡಗಿವಿ ಹೋಗಿತ್ತು, ಮೂಗಿನ ತಗ್ಗು ಹಾಗೇ ಇತ್ತು. ಬಿಸಿಲಿಗೆ ಮೈ ಒಡ್ಡಬಾರದು ಎಂದಿದ್ದರು. ಒಡ್ಡದೆ ಏನು ಮಾಡುವುದು? ಪಡುವಣ ಬದಿಗೆ ಒಂದು ಕಡ್ಡಿ ನೆರಳಿಲ್ಲ. ಮಧ್ಯಾಹ್ನ ಕಳೆಯಿತೆಂದರೆ ಜಗಲಿ ಬಾಣಲೆಯ ಹಾಗೆ ಕಾಯುತ್ತಿತ್ತು. ನಾನು ಹಳೇ ಹೊದಿಕೆಯೊಂದನ್ನು ತೂಗುಹಾಕಿದೆ, ಗಾಳಿಗೆ ಅದು ಹಾರಿಹೋಯಿತು. ಸಂಜೆಗಳನ್ನು ನಾವು ಅಡುಗೆಮನೆಯಲ್ಲಿ, ಕಿಟಕಿಗೆ ಪರದೆ ಎಳೆದು ಕಳೆದೆವು. ಕ್ಲಿನಿಕ್ಕಿನಿಂದ ತಂದ ಬೋರ್ಡನ್ನು ಬಿಸಿ ಪಾತ್ರೆ ಇಡಲು ಬಳಸಿದೆ. ಅವರು ಹೊಸದೊಂದನ್ನು ಮಾಡಿಸಿ ಸ್ಕ್ರೂ ಹಾಕಿ ಗೋಡೆಗೆ ಹೊಡೆದಿದ್ದಾರೆ. ವೇಡ್ ಕಂಪನಿಗೆ ಬರೆದನಂತೆ, ತೆಗೆಯಿರಿ ಎಂದು. ಉತ್ತರ ಬಂದಿಲ್ಲ.

ಸೆಪ್ಟೆಂಬರಿನಲ್ಲಿ ಹಿಲ್ಮರ್ ಮೊದಲ ಸಲ ಡ್ಯಾನ್ಸ್ ಹಾಲಿಗೆ ಬಂದ. ಎಲ್ಲರೂ ಎದ್ದು ನಿಂತರು. ಆಲ್ಟನ್ ಅವನಿಗೆ ಕುರ್ಚಿ ಎಳೆದುಕೊಟ್ಟು, ಹೆಗಲು ತಟ್ಟಿ, ಹಾಲಿಗೆಲ್ಲ ಕೇಳುವ ಹಾಗೆ ಹೇಳಿದ, "ಏನೇ ಹೇಳ್ರಪ್ಪಾ, ಆ ದಿನ ನಾವು ಸೀಡರ್ ತೆಗೀದೆ ಇದ್ದಿದ್ರೆ ಇವನು ಇವತ್ತು ಇಲ್ಲಿ ಕೂರ್ತಿರ್ಲಿಲ್ಲ!"

ಜನ ಹೌದು ಹೌದು ಎಂದು ತಲೆ ಆಡಿಸಿದರು. ಒಬ್ಬಳು, "ಮರ ಬಿದ್ದ ದಿನಾನೇ ಸಾಸೇಜ್ ತಿಂದಿದ್ದು ನಾನೇ ನೋಡಿದೀನಿ," ಎಂದಳು.

ನನ್ನ ಕೈಯಲ್ಲಿದ್ದ ಡಾಮಿನೋಗಳು ಮೇಜಿನ ಮೇಲೆ ಚೆಲ್ಲಿದವು. "ಇವನನ್ನ ಉಳಿಸಿದ್ದು ಕೊಡಲಿನಾ? ಆಲ್ಟನ್, ಈ ಮೂಗು ನೋಡು! ಇದನ್ನ ಯಾವ ಸೀಡರ್ ಮುರೀತು ಹೇಳು! ನಾಲ್ಕು ತಿಂಗಳು ನಾನು ಮಂಡಿ ಅಂದೆ, ಕಿವಿ ಅಂದೆ, ಸಮುದ್ರಕ್ಕೆ ಹೋಗಿ ಬಂದೆ, ನೀವೆಲ್ಲ ಸೀಡರ್ ಸೀಡರ್ ಅಂತ ನನ್ನ ಬಾಯಿ ಹೊಲಿದ್ರಿ! ಇವನ ಕಿಡ್ನಿ ಕರಗ್ತಿದ್ದಾಗ ನಾವು ಸಲಾಡ್ ತಿಂತಾ ಇದ್ವಿ!"

"ಒಳ್ಳೇದಕ್ಕೇ ಮಾಡಿದ್ದು, ನೆಲ್ಡಾ—"

"ಒಳ್ಳೇದಕ್ಕೇ! ಅದೇ ನನಗೆ ಬೆಂಕಿ! ಕೆಟ್ಟದಕ್ಕೆ ಮಾಡಿದ್ರೆ ಜೈಲಿಗಾದ್ರೂ ಹಾಕಿಸ್ತಿದ್ದೆ!"

ಹಿಲ್ಮರ್ ಎಡಗಡೆಯ ಮಾತು ಕೇಳದೆ ನನ್ನ ತೋಳು ಜಗ್ಗಿದ. "ಏನಂದ? ಆಲ್ಟನ್ ಏನಂದ?"

ಅವನ ಬಲಗಿವಿಗೆ ಬಗ್ಗಿ ಕೂಗಿದೆ, "ಮರ ಕಡಿದಿದ್ದಕ್ಕೆ ನೀನು ಬದುಕಿದ್ದಂತೆ!"

ಹಿಲ್ಮರ್ ಮೇಜು ಹಿಡಿದು ಎದ್ದ. ಅವನು ಪರವಾಗಿಲ್ಲ ಅನ್ನುತ್ತಾನೆ ಎಂದು ನಾನು ಕಾದೆ. ಹಾಲಿನಲ್ಲಿ ಎಲ್ಲರೂ ಕಾದರು.

"ಆಲ್ಟನ್," ಎಂದ. "ಆ ದಿನ ಬೆಳಿಗ್ಗೆ ನೀವೆಲ್ಲ ಬರೋಕೆ ಮೊದಲೇ ನನ್ನ ಮೂತ್ರದಲ್ಲಿ ರಕ್ತ ಹೋಗಿತ್ತು. ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ನೆಲ್ಡಾಗೆ ಹೇಳೋಕೆ ಹೊರಟೆ. ಅಷ್ಟರಲ್ಲಿ ನಿನ್ನ ಟ್ರಕ್ ಬಂತು. ಹಿಂದೆ ಎಲ್ಲರ ಟ್ರಕ್ಕೂ ಬಂತು. ಇಷ್ಟು ಜನ ನನಗೋಸ್ಕರ ಬಂದಿದ್ದಾರೆ, ಕಾಯಿಲೆ ಸೀಡರ್ ಅಲ್ಲ ಅಂತ ಹೇಗೆ ಹೇಳ್ಲಿ ಅಂತ ಸುಮ್ನಾದೆ."

ಅವನು ಕೂತ. ಈ ಮಾತು ನನಗೂ ಗೊತ್ತಿರಲಿಲ್ಲ. ಆ ಬೆಳಿಗ್ಗೆ ನಾನು ಎರಡು ಕೈ ದೂರದಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಸಿಟ್ಟನ್ನು ಯಾರ ಮೇಲೆ ಇಡಬೇಕೋ ತಿಳಿಯದೆ ಅವನ ಟೋಪಿ ಎತ್ತಿಕೊಂಡು, "ನಡಿ ಮನೆಗೆ," ಎಂದೆ. ದಾರಿಯುದ್ದಕ್ಕೂ ನಾನು ಹಿಲ್ಮರನನ್ನು ಬೈದೆ. ಅವನ ಕೇಳದ ಕಿವಿ ನನ್ನ ಕಡೆಗಿತ್ತು ಎಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು.

ಮಾರನೇ ದಿನ ಬೆಳಿಗ್ಗೆ ಆಲ್ಟನ್ ಬಂದ. ಟ್ರಕ್ಕಿನಿಂದ ಇಳಿದು ಟೋಪಿ ತೆಗೆದು ಜಗಲಿಯ ಕೆಳಗೇ ನಿಂತ. ಕೈಯಲ್ಲಿ ಕಾಫಿ ಡಬ್ಬ, ಅದರಲ್ಲಿ ಗೇಣುದ್ದದ ಸೀಡರ್ ಸಸಿ. ಈ ಗುಡ್ಡಗಳಲ್ಲಿ ಸೀಡರ್ ಸಸಿ ನೆಟ್ಟವನು ಇಲ್ಲಿಯ ತನಕ ಹುಟ್ಟಿಲ್ಲ, ಎಲ್ಲರೂ ಕೀಳುವವರೇ. ಕಣ್ಣು ಕೆಂಪಗಿತ್ತು ಅವನಿಗೆ. ಸೀಡರಿನ ಕಾಲ ಅಲ್ಲ ಅದು.

"ಅಜ್ಜಿ ಮರದ ಜಾಗಕ್ಕೆ," ಎಂದ. "ಬೊಡ್ಡೆ ಪಕ್ಕ ನೆಡೋಣ ಅಂತ."

"ಹೆಣ್ಣು ತಾನೇ?" ಎಂದೆ. ನನ್ನ ದನಿ ಇನ್ನೂ ಗಡುಸಾಗೇ ಇತ್ತು.

ಆಲ್ಟನ್ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಾಯಿ ಬಿಡೋ ತನಕ ಹೇಳೋಕಾಗಲ್ಲ ನೆಲ್ಡಾ. ಹತ್ತು ವರ್ಷ ಆದ್ರೂ ಬೇಕು."

ಹತ್ತು ವರ್ಷ. ಆಸ್ಪತ್ರೆಯವರು ನಮಗೆ ಮುಂದಿನ ತಪಾಸಣೆಯ ತನಕ ಮಾತ್ರ ಲೆಕ್ಕ ಹೇಳುತ್ತಾರೆ. ಇವನ ತಲೆಗೆ ಆ ಡಬ್ಬ ಎತ್ತಿ ಹಾಕಲೇ ಎನ್ನಿಸಿತು.

ಒಳಗಿನಿಂದ ಹಿಲ್ಮರ್ ಬಂದ. ಬಲಗಿವಿ ಆಲ್ಟನ್ ಕಡೆ ಮಾಡಿ, "ಎಷ್ಟು ವರ್ಷ ಅಂದೆ?" ಎಂದ.

"ಹತ್ತು," ಆಲ್ಟನ್ ಕೂಗಿದ.

ಹಿಲ್ಮರ್ ಸಸಿ ನೋಡಿದ, ಬೋಳು ಗುಡ್ಡ ನೋಡಿದ, ನನ್ನ ಮುಖ ನೋಡಿದ.

"ಕಾಯ್ತೀನಿ," ಎಂದ. "ನೆಲ್ಡಾ, ಸಲಿಕೆ ಎಲ್ಲಿಟ್ಟಿದ್ದೀಯ?"

ನಾನು ಸಲಿಕೆ ತರಲು ಒಳಗೆ ಹೋದೆ. ತರಲು ಸ್ವಲ್ಪ ಹೊತ್ತು ಹಿಡಿಯಿತು.